ಒಂದು ಪ್ರಶ್ನೆ ಐದು ಅಂಕ ತಿನ್ನಲಿ, ಅದಕ್ಕಿಂತ ಜಾಸ್ತಿ ಬೇಡ

(ಹುಡುಗಿ ಮತ್ತು ಆಕೆಯ ತಾಯಿಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಮರುದಿನ, ಮಕ್ಕಳ ಆಪ್ತಸಮಾಲೋಚನೆ ಮಾಡುವ ನನಗೆ ಒಬ್ಬ ತಾಯಿ ಫೋನ್ ಮಾಡಿದರು. "ಮೇಡಂ, ಮಗಳು ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ. ರಾತ್ರಿಯೆಲ್ಲಾ ಎದ್ದೇ ಇದ್ದಳು. ನಾಡಿದ್ದು ವಿಜ್ಞಾನ ಇದೆ, ಪುಸ್ತಕ ಮುಟ್ಟುತ್ತಿಲ್ಲ." ಅವತ್ತು ಸಂಜೆಯೇ ಕರೆದುಕೊಂಡು ಬನ್ನಿ ಅಂದೆ.

ಹುಡುಗಿ ಪ್ರಶ್ನೆಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲೇ ಹಿಡಿದುಕೊಂಡು ಬಂದಿದ್ದಳು. ಕೊನೆಯ ಐದು ಅಂಕದ ಪ್ರಶ್ನೆಯ ಸುತ್ತ ಪೆನ್ನಿನಿಂದ ಎಷ್ಟು ಸಲ ಗೆರೆ ಎಳೆದಿದ್ದಳೆಂದರೆ, ಒಂದು ಕಡೆ ಕಾಗದವೇ ತೂತಾಗಿತ್ತು. ಪ್ರಶ್ನೆ ಸುಮಾರು ಹೀಗಿತ್ತು, ಅಂಕಿಗಳನ್ನು ಬದಲಿಸಿದ್ದೇನೆ: ಒಂದು ವೃತ್ತವನ್ನು ಎಂಟು ತ್ರಿಜ್ಯಾಂತರ ಖಂಡಗಳಾಗಿ ಭಾಗ ಮಾಡಿದೆ. ಅವುಗಳ ಕೋನಗಳು ಸಮಾಂತರ ಶ್ರೇಢಿಯಲ್ಲಿವೆ. ಅತಿ ದೊಡ್ಡ ಕೋನ ಅತಿ ಚಿಕ್ಕದರ ಐದರಷ್ಟು. ತ್ರಿಜ್ಯ 12 ಸೆಂ.ಮೀ. ಆದರೆ ಅತಿ ಚಿಕ್ಕ ಖಂಡದ ವಿಸ್ತೀರ್ಣ ಎಷ್ಟು? ಚಿತ್ರ ಇಲ್ಲ. ಶ್ರೇಢಿ ಒಂದು ಅಧ್ಯಾಯ, ವೃತ್ತದ ವಿಸ್ತೀರ್ಣ ಇನ್ನೊಂದು. ಎರಡನ್ನೂ ಸೇರಿಸಿದ ಲೆಕ್ಕ ಆಕೆ ನೋಡಿದ ಒಂದು ಮಾದರಿ ಪತ್ರಿಕೆಯಲ್ಲೂ ಇರಲಿಲ್ಲ.

"ಅಕ್ಷರ ಕಣ್ಣಿಗೆ ಕಾಣ್ತಿತ್ತು, ಓದೋಕೆ ಆಗ್ತಿರಲಿಲ್ಲ" ಅಂದಳು. ಅರ್ಧ ಗಂಟೆಗೂ ಜಾಸ್ತಿ ಅದರ ಮುಂದೆಯೇ ಕೂತಿದ್ದಾಳೆ. ಆಮೇಲೆ ಮಾಡೋಣ ಎಂದು ಬಿಟ್ಟಿದ್ದ ನಾಲ್ಕು ಅಂಕದ ನಕ್ಷೆಯ ಲೆಕ್ಕ, ಎರಡು ಅಂಕದ ಎರಡು ಲೆಕ್ಕ ಹಾಗೇ ಉಳಿದವು. ಮೂರೂ ಆಕೆಗೆ ಬರುವಂಥವೇ.

ಮನೆಯಲ್ಲಿ ನಡೆದದ್ದು ಬೇರೆ ಕತೆ. "ಬೇರೆ ಮಕ್ಕಳು ಹೇಗೆ ಮಾಡಿದರು?" ಎಂದು ಅಪ್ಪ ಕೇಳಿದ್ದಾರೆ. ಟ್ಯೂಷನ್‌ನ ವಾಟ್ಸಾಪ್ ಗುಂಪಿನಲ್ಲಿ ಸಂಜೆಯೊಳಗೆ ಉತ್ತರ ಬಂದಿದೆ, ಜೊತೆಗೆ "ತುಂಬಾ ಸುಲಭ, ಮೂರೇ ಹಂತ" ಅನ್ನುವ ಮಾತು. ಆ ಮಾತನ್ನು ಹುಡುಗಿ ಪ್ರಶ್ನೆಗಿಂತ ಹೆಚ್ಚು ಸಲ ಓದಿದ್ದಾಳೆ. ಫ್ಯಾನಿನ ಕೆಳಗೆ ಚಹಾ ಕುಡಿಯುತ್ತಾ ಬಿಡಿಸಿದವರಿಗೆ ಯಾವ ಲೆಕ್ಕವೂ ಸುಲಭವೇ, ಅಲ್ವಾ?

ನಾನು ಮೊದಲು ಹೇಳಿದ್ದು ಇಷ್ಟು: "ಹೌದು, ಇದು ಅನ್ಯಾಯದ ಪ್ರಶ್ನೆ. ನಿನಗೆ ಹಾಗೆ ಅನ್ನಿಸಿದ್ದು ತಪ್ಪಲ್ಲ." ಸುಮ್ನೆ ಸಮಾಧಾನಕ್ಕೆ ಹೇಳಲಿಲ್ಲ. ಪರಿಚಯದ ಇಬ್ಬರು ಗಣಿತ ಶಿಕ್ಷಕರನ್ನು ಅಷ್ಟರಲ್ಲಿ ಕೇಳಿದ್ದೆ. ಹತ್ತನೇ ತರಗತಿಗೆ ಇದು ಜಾಸ್ತಿಯಾಯಿತು, ಒಂದು ಚಿತ್ರವನ್ನಾದರೂ ಕೊಡಬೇಕಿತ್ತು ಎಂದು ಇಬ್ಬರೂ ಹೇಳಿದ್ದರು. ಮಕ್ಕಳು "ಕಷ್ಟ ಇತ್ತು" ಅಂದ ಕೂಡಲೇ "ಏನೂ ಆಗಲ್ಲ ಬಿಡು" ಅನ್ನುವ ಚಟ ದೊಡ್ಡವರಿಗಿದೆ. ಆಗಿದೆ ಎಂದು ಯಾರಾದರೂ ಒಪ್ಪುವ ತನಕ ಮಗು ಮುಂದಿನ ಮಾತು ಕೇಳಿಸಿಕೊಳ್ಳುವುದಿಲ್ಲ. ಈ ಹುಡುಗಿಯೂ ಆಗಲೇ ಅತ್ತಿದ್ದು. ಅತ್ತು ಮುಗಿದ ಮೇಲೆ ನೀರು ಕೇಳಿದಳು.

ಸಾಯುವ ಯೋಚನೆ ಬಂದಿತ್ತಾ ಎಂದೂ ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಎಂದು ತಂದೆ ತಾಯಿ ಹೆದರುತ್ತಾರೆ. ಹಾಗಾಗುವುದಿಲ್ಲ. "ಎಲ್ಲಾದರೂ ಓಡಿ ಹೋಗಬೇಕು ಅನ್ನಿಸಿತು, ಅಷ್ಟೇ" ಅಂದಳು. ಆದರೂ ಆ ವಾರ ರಾತ್ರಿ ತಾಯಿ ಜೊತೆಗೇ ಮಲಗಲಿ ಎಂದು ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಇಬ್ಬರ ಫೋನಿನಲ್ಲೂ ಹಾಕಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತು ಬಂದರೆ, ಎರಡು ವಾರ ಕಳೆದರೂ ನಿದ್ದೆ ಊಟ ಸರಿಹೋಗದಿದ್ದರೆ, ಮನೋವೈದ್ಯರ ಹತ್ತಿರ ಹೋಗಲೇಬೇಕು.

ಆಮೇಲೆ ಒಂದು ಹಳೇ ಲೆಕ್ಕ ತೋರಿಸಿದೆ. 2015ರ ಜೂನ್‌ನಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್‌ಇ ಗಣಿತ ಪತ್ರಿಕೆಯಲ್ಲಿ ಬಂದದ್ದು. ಹ್ಯಾನಾ ಎಂಬ ಹುಡುಗಿಯ ಚೀಲದಲ್ಲಿ ಎನ್ ಮಿಠಾಯಿ, ಅದರಲ್ಲಿ ಆರು ಕಿತ್ತಳೆ ಬಣ್ಣದವು. ಒಂದನ್ನು ತೆಗೆದು ತಿನ್ನುತ್ತಾಳೆ, ಇನ್ನೊಂದನ್ನೂ ತೆಗೆದು ತಿನ್ನುತ್ತಾಳೆ. ಎರಡೂ ಕಿತ್ತಳೆಯಾಗುವ ಸಂಭವನೀಯತೆ ಮೂರರಲ್ಲಿ ಒಂದು. ಎನ್ ವರ್ಗ ಮೈನಸ್ ಎನ್ ಮೈನಸ್ 90 ಸೊನ್ನೆಗೆ ಸಮ ಎಂದು ತೋರಿಸಿ! ಪರೀಕ್ಷೆ ಮುಗಿಸಿದ ಮಕ್ಕಳು ಅವತ್ತು ಟ್ವಿಟರ್ ತುಂಬಾ ಹ್ಯಾನಾಳನ್ನು ಬೈದರು, ಜೋಕು ಮಾಡಿದರು. ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ಶಾಲೆಯ ಕೊನೆಯ ವರ್ಷಗಳಲ್ಲಿ ಬರೆಯುವ ಹೈಯರ್ ಪರೀಕ್ಷೆಯ ಗಣಿತದಲ್ಲಿ ಜೀಬ್ರಾ ಹಿಡಿಯಲು ಹೊರಟ ಮೊಸಳೆಯ ಲೆಕ್ಕ ಬಂತು. ಅಲ್ಲಿ ಪತ್ರಿಕೆ ನಿರೀಕ್ಷೆಗಿಂತ ಕಷ್ಟವಾಯಿತು ಎಂದು ಪಾಸಿನ ಅಂಕವನ್ನೇ ಇಳಿಸಿದರು. ನಮ್ಮಲ್ಲೂ 2016ರ ಮಾರ್ಚ್‌ನಲ್ಲಿ ಸಿಬಿಎಸ್‌ಇ 12ನೇ ತರಗತಿಯ ಗಣಿತ ಪತ್ರಿಕೆಯ ಗೋಳು ಸಂಸತ್ತಿನ ತನಕ ಹೋಗಿತ್ತು.

ಜೀಬ್ರಾ ಅಂದಾಗ ಸ್ವಲ್ಪ ನಕ್ಕಳು. ಹ್ಯಾನಾಳ ಲೆಕ್ಕ ಮಾಡ್ತೀಯಾ ಅಂದೆ. ಎರಡನೇ ಸಲ ಚೀಲದಲ್ಲಿ ಒಂದು ಕಮ್ಮಿ ಇರುತ್ತೆ, ಎರಡು ಭಿನ್ನರಾಶಿಗಳನ್ನು ಗುಣಿಸಬೇಕು ಎಂದಷ್ಟೇ ಹೇಳಿಕೊಟ್ಟೆ. ಎನ್‌ನಲ್ಲಿ ಆರು, ಇಂಟು ಎನ್ ಮೈನಸ್ ಒಂದರಲ್ಲಿ ಐದು, ಮೂರರಲ್ಲಿ ಒಂದಕ್ಕೆ ಸಮ. ಅಡ್ಡ ಗುಣಾಕಾರ ಮಾಡಿ, ನಾನು ಕೇಳದೇ ಇದ್ದರೂ ಎನ್ 10 ಎಂದು ಕೆಳಗೆ ಬರೆದಳು. ನಂತರ ತಾನಾಗಿಯೇ ತನ್ನ ಪ್ರಶ್ನೆಪತ್ರಿಕೆ ಬಿಚ್ಚಿದಳು. ಎಂಟೂ ಕೋನ ಸೇರಿದರೆ 360, ಹಾಗಾದರೆ ಮೊದಲನೆಯದೂ ಕೊನೆಯದೂ ಸೇರಿ 90, ಚಿಕ್ಕದು 15 ಡಿಗ್ರಿ. ತಲೆ ಎತ್ತಿ ನೋಡಿದಳು. ತಲೆಯಲ್ಲಿ ಗಣಿತ ಇದೆ, ಗಾಬರಿ ಬಂದಾಗ ಅದಕ್ಕೆ ಜಾಗ ಸಿಗಲಿಲ್ಲ ಅಷ್ಟೇ ಅಂದೆ.

ಬಳಿಕ ಕಳೆದ ಅಂಕಗಳನ್ನು ಅವಳ ಕೈಯಿಂದಲೇ ಎರಡು ಸಾಲಿನಲ್ಲಿ ಬರೆಸಿದೆ. ಪ್ರಶ್ನೆಯಿಂದ ಹೋದದ್ದು ಐದು. ಅದರ ಮುಂದೆ ಕೂತದ್ದರಿಂದ ಹೋದದ್ದು ಎಂಟು. ಮೊದಲನೇ ಸಾಲು ಪ್ರಶ್ನೆ ತೆಗೆದವರದು. ಎರಡನೆಯದನ್ನು ಕಲಿತು ಕಮ್ಮಿ ಮಾಡಬಹುದು. ನಾಡಿದ್ದಿನ ವಿಜ್ಞಾನದ ಅಂಕ ಇನ್ನೂ ಯಾವ ಸಾಲಿನಲ್ಲೂ ಇಲ್ಲ.

ವಿಜ್ಞಾನಕ್ಕೆ ಕೊಟ್ಟ ಸಲಹೆ ಹೀಗಿತ್ತು. ಎಲ್ಲಾ ಪರೀಕ್ಷೆ ಮುಗಿಯುವ ತನಕ ಕೀ ಉತ್ತರ ನೋಡುವುದಿಲ್ಲ, ಗುಂಪುಗಳು ಮ್ಯೂಟ್. ಇವತ್ತು ರಾತ್ರಿ ಓದು ಬೇಡ, ಊಟ ಮಾಡಿ ಮಲಗು. ಹಾಲ್‌ನಲ್ಲಿ ಓದಿಕೊಳ್ಳಲು ಕೊಡುವ 15 ನಿಮಿಷದಲ್ಲಿ, ನಿನಗೆ ಬರುವ ಪ್ರಶ್ನೆಗಳಿಗೆ ಮನಸ್ಸಿನಲ್ಲೇ ಗುರುತು ಹಾಕಿಕೋ. ಒಂದು ಪ್ರಶ್ನೆ ಐದು ನಿಮಿಷದಲ್ಲಿ ಜಗ್ಗದಿದ್ದರೆ ಗೊತ್ತಿರುವ ಸೂತ್ರ, ಕೊಟ್ಟ ಅಂಕಿ ಬರೆದು ಜಾಗ ಬಿಟ್ಟು ಮುಂದೆ ಹೋಗು. ಹಂತಕ್ಕೂ ಅಂಕ ಇದೆ. ಕೈ ತಣ್ಣಗಾದರೆ ಪೆನ್ನು ಕೆಳಗಿಡು, ಎರಡೂ ಪಾದ ನೆಲಕ್ಕೆ ಒತ್ತು, ಉಸಿರನ್ನು ಒಳಗೆ ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡು. ಇದನ್ನು ನನ್ನ ಮುಂದೆಯೇ ಮಾಡಿಸಿದೆ, ಬಾಯಿಮಾತಲ್ಲಿ ಹೇಳಿದರೆ ಹಾಲ್‌ನಲ್ಲಿ ನೆನಪಾಗುವುದಿಲ್ಲ. ಶಿಕ್ಷಕರಿಗೂ ಒಂದು ಮಾತು: ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬೇಕೆಂದೇ ಒಂದು ಬಗೆಹರಿಯದ ಪ್ರಶ್ನೆ ಹಾಕಿ, ಅದನ್ನು ಬಿಟ್ಟು ಮುಂದೆ ಹೋಗುವುದನ್ನು ಅಭ್ಯಾಸ ಮಾಡಿಸಿ.

ಅಪ್ಪನನ್ನು ಹೊರಗೆ ಕರೆದು ಪ್ರತ್ಯೇಕವಾಗಿ ಮಾತಾಡಿದೆ. ಒಳ್ಳೆಯ ಮನುಷ್ಯ, ಗಾಬರಿಗೆ ಪ್ರಶ್ನೆ ಕೇಳುವವರು. ಇನ್ನುಳಿದ ಪರೀಕ್ಷೆ ಮುಗಿಸಿ ಬಂದಾಗ "ಹೇಗಿತ್ತು" ಬದಲು "ಏನು ತಿಂತೀಯಾ" ಎಂದು ಕೇಳಿ ಅಂದೆ. ನೆಂಟರ ಫೋನ್‌ಗೆ ಅಪ್ಪನೇ ಉತ್ತರ ಕೊಡಬೇಕು, ಮಗಳ ಕೈಗೆ ಕೊಡಬಾರದು.

ಸಿಟ್ಟಿಗೂ ಒಂದು ದಾರಿ ಬೇಕಿತ್ತು. ಕೀ ಉತ್ತರ ಪ್ರಕಟವಾದ ಮೇಲೆ ಆಕ್ಷೇಪಣೆ ಸಲ್ಲಿಸಲು ಸಮಯ ಕೊಡುತ್ತಾರೆ. ಕಷ್ಟ ಆಯಿತು ಎಂದು ಬರೆದರೆ ಯಾರೂ ಓದುವುದಿಲ್ಲ. ಪ್ರಶ್ನೆ ಸಂಖ್ಯೆ, ಚಿತ್ರ ಇಲ್ಲದಿರುವುದು, ಪಠ್ಯದಲ್ಲಿ ಇಂಥ ಲೆಕ್ಕ ಇಲ್ಲದಿರುವುದು, ಇಷ್ಟನ್ನೇ ಬರೆಯಬೇಕು. ಫಲಿತಾಂಶದ ನಂತರ ಉತ್ತರಪತ್ರಿಕೆಯ ಪ್ರತಿ ತರಿಸಿಕೊಂಡು ಮರುಮೌಲ್ಯಮಾಪನಕ್ಕೂ ಹಾಕಬಹುದು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ ಬೇಕಾದರೆ ಗಣಿತ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ.

ವಿಜ್ಞಾನ ಚೆನ್ನಾಗಿಯೇ ಬರೆದಳು. ಆಕ್ಷೇಪಣೆ ಕಳಿಸಿದಳು, ಅದನ್ನು ಒಪ್ಪಲಿಲ್ಲ. ಆದರೆ ಕೋನಗಳ ಮೊತ್ತ 360 ಎಂದು ಬರೆದಿದ್ದ ಸಾಲಿಗೆ ಒಂದು ಅಂಕ ಸಿಕ್ಕಿತ್ತು. ಪರೀಕ್ಷೆ-2ಕ್ಕೆ ಕೂರುವಂತೆ ಅಪ್ಪ ಹೇಳಿದರು, ಹುಡುಗಿ ಬೇಡ ಅಂದಳು. ನಾನು ಅವಳ ಪರ ನಿಂತೆ. ಮೊದಲ ದಿನ "ಪಿಯುಸಿಗೆ ಗಣಿತ ತಗೊಳ್ಳಲ್ಲ" ಎಂದು ಹಟ ಹಿಡಿದಿದ್ದಳು. ಅದನ್ನು ಮೇ ತಿಂಗಳ ತನಕ ಮುಂದೂಡು ಅಂದಿದ್ದೆ. ಮೇನಲ್ಲಿ ಅವಳೇ ಫೋನ್ ಮಾಡಿ, ಗಣಿತ ತಗೊಂಡಿದ್ದೀನಿ, ಟ್ಯೂಷನ್ ಮಾತ್ರ ಬದಲಿಸಿದ್ದೀನಿ ಅಂದಳು.