ಓದುಗರ ಪ್ರಶ್ನೆ: ಸಿಪಾಯಿಗಳ ಮಾತು ಊರ ಮಾತಾದದ್ದು

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿರುವ ನನ್ನ ತಂಗಿಯ ಮಗ ಕಚೇರಿಯ ಕೆಲಸ ಕೆಟ್ಟಾಗಲೆಲ್ಲ ಫೋನಿನಲ್ಲಿ ‘ಸ್ನ್ಯಾಫೂ’ ಎನ್ನುತ್ತಾನೆ. ಅದು ಸೈನಿಕರ ಬೈಗುಳವೆಂದು ಪರಿಚಿತರೊಬ್ಬರು ಹೇಳಿದರು. ನಿಜವೇ? ಕನ್ನಡದಲ್ಲಿ ಅದಕ್ಕೆ ಏನೆನ್ನಬಹುದು?
— ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ಅದು ಸೈನಿಕರ ಮಾತು ಎಂಬುದು ನಿಜ, ಬೈಗುಳ ಅದರೊಳಗೆ ಅಡಗಿ ಕುಳಿತಿದೆ. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಸೇನೆಯಲ್ಲಿ ಬಳಕೆಗೆ ಬಂದ ಈ ಪದ 1941ರ ಹೊತ್ತಿಗೇ ಅಚ್ಚಿನಲ್ಲಿ ಕಾಣಿಸಿಕೊಂಡಿತ್ತು. ‘ಸಿಚುಯೇಶನ್ ನಾರ್ಮಲ್, ಆಲ್ ಫೌಲ್ಡ್ ಅಪ್’ ಎಂಬುದರ ಮೊದಲಕ್ಷರಗಳನ್ನು ಕೂಡಿಸಿದರೆ ಸ್ನ್ಯಾಫೂ ಆಗುತ್ತದೆ. ‘ಪರಿಸ್ಥಿತಿ ಎಂದಿನಂತಿದೆ, ಎಲ್ಲವೂ ಕೆಟ್ಟು ಕೂತಿದೆ’ ಎಂದು ಅದರ ತಾತ್ಪರ್ಯ. ‘ಫೌಲ್ಡ್’ ಎಂಬುದು ಮನೆಮಂದಿಯೆದುರು ಹೇಳಲೆಂದು ಇಟ್ಟುಕೊಂಡ ಪದ. ಬ್ಯಾರಕ್ಕಿನಲ್ಲಿ ಆ ಜಾಗದಲ್ಲಿದ್ದದ್ದು ಅದೇ ಅಕ್ಷರದಿಂದ ಶುರುವಾಗುವ ಅಶ್ಲೀಲ ಪದ. ಸೈನಿಕರಿಗೆ ತಿಳಿವಳಿಕೆ ಕೊಡಲೆಂದು ಆ ಸೇನೆ 1943ರಿಂದ 1945ರವರೆಗೆ ‘ಪ್ರೈವೇಟ್ ಸ್ನ್ಯಾಫೂ’ ಎಂಬ ಕಾರ್ಟೂನ್ ಚಿತ್ರಗಳನ್ನು ಮಾಡಿಸಿತು. ಮೊದಲ ಚಿತ್ರದಲ್ಲಿ ಹೆಸರನ್ನು ಬಿಡಿಸಿ ಹೇಳುವ ನಿರೂಪಕ ‘ಆಲ್’ ಎಂದು ಕ್ಷಣ ತಡೆದು, ಆಮೇಲೆ ಸಭ್ಯ ಪದವನ್ನು ಆಡುತ್ತಾನೆ. ನೋಡುತ್ತ ಕುಳಿತ ಸಿಪಾಯಿಗಳಿಗೆ ಆ ತಡೆಯಷ್ಟೇ ಸಾಕಾಗಿತ್ತು. ಗುರುತೇ ಸಿಗದಷ್ಟು ಕೆಟ್ಟದ್ದಕ್ಕೆ ಹೇಳುವ ‘ಫೂಬಾರ್’ ಇದರ ತಮ್ಮ. 1944ರಲ್ಲಿ ಸೇನೆಯ ವಾರಪತ್ರಿಕೆ ‘ಯ್ಯಾಂಕ್’ನಲ್ಲಿ ಅದು ಅಚ್ಚಾಯಿತು.

ಈ ಪದದ ಜೀವವಿರುವುದು ‘ನಾರ್ಮಲ್’ ಎಂಬಲ್ಲಿ ಎಂದು ನನಗೆ ತೋರುತ್ತದೆ. ಮೇಲಧಿಕಾರಿಗೆ ವರದಿ ಒಪ್ಪಿಸುವ ಗಂಭೀರ ಧಾಟಿಯಲ್ಲೇ, ದಿನ ಬೆಳಗಾದರೆ ಕೆಡುತ್ತಲೇ ಇರುವ ವ್ಯವಸ್ಥೆಯನ್ನು ಕಂಡು ಬೇಸತ್ತವರು ತಮ್ಮ ಅನುಭವವನ್ನು ಹೇಳಿಕೊಂಡರು. ಈಗ ಒಮ್ಮೆ ಆದ ಎಡವಟ್ಟಿಗೂ ಅದನ್ನೇ ಬಳಸುವುದರಿಂದ ಆ ದನಿ ಮಂಕಾಗಿದೆ. ಆದ್ದರಿಂದ ಕನ್ನಡದಲ್ಲಿ ‘ರಾದ್ಧಾಂತ’ ಎಂದರೆ ಸಾಲದು. (ಸಂಸ್ಕೃತದಲ್ಲಿ ‘ಸಿದ್ಧಾಂತ’ಕ್ಕೆ ಸಮಾನವಾಗಿದ್ದ ಈ ಪದ ನಮ್ಮಲ್ಲಿ ಗಲಾಟೆಯ ಹೆಸರಾದದ್ದು ಇನ್ನೊಂದು ಸ್ವಾರಸ್ಯ.) ನಿಮ್ಮೂರಿನಲ್ಲೇ ನಾನು ಕೇಳಿದ ಮಾತು ಹೆಚ್ಚು ಹತ್ತಿರದ್ದು. ಮಂಡಿಯೊಂದರ ಮುಂದೆ ಒಣಹಾಕಿದ್ದ ಮೆಕ್ಕೆಜೋಳದ ಮೇಲೆ ಮಳೆ ಸುರಿದು, ತಾಡಪಾಲು ಈ ಕಡೆ ಎಳೆದರೆ ಆ ಕಡೆ ಸಾಲದೆ ಎಲ್ಲರೂ ಕೂಗಾಡುತ್ತಿದ್ದಾಗ, ಅದರ ಅಂಚು ಹಾರದಂತೆ ಮೊಣಕಾಲೂರಿ ಕುಳಿತಿದ್ದ ಹಮಾಲರೊಬ್ಬರು ಮುಖದ ನೀರನ್ನು ಒರೆಸಿಕೊಳ್ಳುತ್ತ, ‘ಇದು ಇದ್ದಿದ್ದೇ ಬಿಡ್ರಿ’ ಎಂದರು. ಸ್ನ್ಯಾಫೂ ಎಂಬುದರ ಬೇಸರವೂ ಸಹನೆಯೂ ಆ ‘ಇದ್ದಿದ್ದೇ’ ಎಂಬುದರಲ್ಲಿ ಪೂರ್ತಿಯಾಗಿವೆ. ಹಿರಿಯರ ಮುಂದೆ ಆಡಲು ಯಾವ ಸಂಕೋಚವೂ ಬೇಕಿಲ್ಲ.

ಪ್ರಶ್ನೆ: ನಾನು ದೇವಳಾಲಿಯಲ್ಲಿ ಫಿರಂಗಿ ದಳದ ತರಬೇತಿ ಪಡೆದವನು. ಇಂಗ್ಲಿಷಿನ ‘ಡೂಲ್ಯಾಲಿ’ ಪದಕ್ಕೂ ಆ ಊರಿಗೂ ಸಂಬಂಧವಿದೆಯೇ?
— ಮಾಜಿ ಸೈನಿಕ, ಚಿತ್ರದುರ್ಗ

ಉತ್ತರ: ಇದೆ. ನಾಸಿಕದ ಬಳಿಯ ದೇವಳಾಲಿಯಲ್ಲಿ ಬ್ರಿಟಿಷ್ ಸೇನೆಯ ಶಿಬಿರವಿತ್ತು. ಸೇವಾವಧಿ ಮುಗಿಸಿದ ಸೈನಿಕರು ಸ್ವದೇಶಕ್ಕೆ ಕರೆದೊಯ್ಯುವ ಹಡಗಿಗಾಗಿ ಅಲ್ಲಿ ಕಾಯಬೇಕಾಗಿತ್ತು, ಕೆಲವೊಮ್ಮೆ ತಿಂಗಳುಗಟ್ಟಲೆ. ಮಾಡಲು ಕೆಲಸವಿಲ್ಲದೆ, ಬಿಸಿಲು ಮತ್ತು ಕುಡಿತದ ನಡುವೆ ದಿನ ನೂಕುತ್ತಿದ್ದವರಲ್ಲಿ ಹಲವರ ಮನಸ್ಸು ಹದಗೆಡುತ್ತಿತ್ತು. ಅದಕ್ಕೆ ಸೈನಿಕರು ‘ಡೂಲ್ಯಾಲಿ ಟ್ಯಾಪ್’ ಎಂದರು. ಇಲ್ಲಿ ಟ್ಯಾಪ್ ಎಂದರೆ ಜ್ವರ, ನಮ್ಮ ‘ತಾಪ’ದ ಬಳಗದ ಪದ. ಕಾಲ ಕಳೆದಂತೆ ಜ್ವರ ಬಿಟ್ಟುಹೋಗಿ ಊರಿನ ಹೆಸರಷ್ಟೇ ಉಳಿಯಿತು. ಇಂದು ಯಾರನ್ನಾದರೂ ‘ಡೂಲ್ಯಾಲಿ’ ಎಂದು ಕರೆಯುವ ಇಂಗ್ಲೆಂಡಿನ ಎಷ್ಟೋ ಜನರಿಗೆ ಅದು ನೀವು ಕವಾಯತು ಮಾಡಿದ ಊರೆಂದು ತಿಳಿದಿರಲಿಕ್ಕಿಲ್ಲ.