ಒಳಗಿನದನ್ನು ಕೀಳಿಸಬೇಡಿ, ಬೆಲ್ಟ್ ಹಾಕಿಸಿ

ಚಿತ್ರದುರ್ಗದ ಓದುಗರೊಬ್ಬರು ಬರೆದಿದ್ದಾರೆ:

"ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿ ಮಾರಿ ಎಷ್ಟೋ ವರ್ಷವಾಯಿತು. ಅದರಲ್ಲಿದ್ದ ಕಾರ್ ಸ್ಟೀರಿಯೊ ಮಾತ್ರ ನನ್ನ ಹತ್ತಿರ ಉಳಿದಿದೆ. ಎರಡು ಕಡೆ ನಾಬ್, ನಡುವೆ ಕ್ಯಾಸೆಟ್ ಬಾಯಿ. ರೇಡಿಯೊ ಬರುತ್ತದೆ, ಕ್ಯಾಸೆಟ್ ಓಡುವುದಿಲ್ಲ. ನಾವು ನಾಲ್ಕೈದು ಗೆಳೆಯರು ಇಂಥ ಹಳೇ ಸೆಟ್‌ಗಳನ್ನು ಹುಡುಕಿ ಕೂಡಿಡುತ್ತೇವೆ. ಮನೆಯಲ್ಲಿ ಗುಜರಿಗೆ ಹಾಕಿ ಅಂತಾರೆ. ಅಂಗಡಿಯವರೊಬ್ಬರು ಒಳಗಿನದನ್ನೆಲ್ಲಾ ಕಿತ್ತು ಬ್ಲೂಟೂತ್ ಬೋರ್ಡ್ ಕೂರಿಸಿ ಕೊಡುತ್ತೇನೆ ಅಂದಿದ್ದಾರೆ. ಕೂರಿಸಲಾ? ಇನ್ನೊಂದು. ಗೆಳೆಯ ಜಪಾನಿನ ಸೆಟ್ ತರಿಸಿದ, ಅದರಲ್ಲಿ ನಮ್ಮ ಎಫ್‌ಎಂ ಹಿಡಿಯುವುದೇ ಇಲ್ಲ, ಯಾಕೆ? ಹಳೇ ಸೆಟ್‌ಗಳ ಧ್ವನಿ ನಿಜಕ್ಕೂ ಚೆನ್ನಾಗಿತ್ತಾ, ಇಲ್ಲಾ ಇದೆಲ್ಲಾ ಬರೀ ನೆನಪಿನ ಮೋಹವಾ?"

ಪ್ರಿಯ ಮಿತ್ರರೇ,

ಬ್ಲೂಟೂತ್ ಬೋರ್ಡ್ ಕೂರಿಸಬೇಡಿ. ದಯವಿಟ್ಟು ಬೇಡ.

ನಿಮ್ಮ ಪತ್ರದಲ್ಲೇ ಉತ್ತರ ಅರ್ಧ ಇದೆ. ರೇಡಿಯೊ ಬರುತ್ತದೆ ಅಂದಿದ್ದೀರಿ. ಅಂದರೆ ಕರೆಂಟ್ ಹೋಗುವ ದಾರಿ, ಆಂಪ್ಲಿಫೈಯರ್, ವಾಲ್ಯೂಮ್ ನಾಬ್ ಎಲ್ಲವೂ ಸರಿ ಇವೆ. ಉಳಿದದ್ದು ಕ್ಯಾಸೆಟ್ ಓಡಿಸುವ ಭಾಗ. ಇಷ್ಟು ವರ್ಷ ಸುಮ್ನೆ ಕೂತ ಸೆಟ್‌ನಲ್ಲಿ ಮೊದಲು ಹೋಗುವುದು ರಬ್ಬರ್ ಬೆಲ್ಟ್. ಅದು ಸಡಿಲವಾಗುತ್ತದೆ, ಇಲ್ಲವೇ ಕರಗಿ ಡಾಂಬರಿನ ಹಾಗೆ ಅಂಟಿಕೊಳ್ಳುತ್ತದೆ. ಮೋಟರ್ ತಿರುಗುವ ಸದ್ದು ಬರುತ್ತಿದ್ದು ಕ್ಯಾಸೆಟ್ ಮಾತ್ರ ಅಲ್ಲಾಡದೇ ಇದ್ದರೆ ಕಾಯಿಲೆ ಬಹುಮಟ್ಟಿಗೆ ಇದೇ. ಒಂದು ಬೆಲ್ಟಿಗಾಗಿ ಇಡೀ ಯಂತ್ರವನ್ನು ಕಿತ್ತು ಬಿಸಾಡುವುದು ನನಗೆ ಒಪ್ಪಿಗೆಯಿಲ್ಲ. ಬ್ಲೂಟೂತ್ ಬೋರ್ಡ್ ಇವತ್ತು ಬೇಕಾದಷ್ಟು ಸಿಗುತ್ತದೆ, ಯಾವ ಡಬ್ಬಿಯಲ್ಲಾದರೂ ಕೂರುತ್ತದೆ. ನಿಮ್ಮ ತಂದೆಯವರ ಸೆಟ್‌ನ ಒಳಗಿರುವ ಆ ಪುಟ್ಟ ಗಾಲಿಗಳು, ಟೇಪಿನಿಂದ ಹಾಡು ಓದುವ ಹೆಡ್, ಕ್ಯಾಸೆಟ್ ಹೊರಗೆ ತಳ್ಳುವ ಸ್ಪ್ರಿಂಗು, ಇವನ್ನು ಮತ್ತೆ ಯಾರೂ ಮಾಡಿ ಕೊಡುವುದಿಲ್ಲ.

ಹಳೇ ಮುಖ, ಹೊಸ ಹೊಟ್ಟೆ ಬೇಕೆನ್ನುವವರಿಗೆ ಬೇರೆ ದಾರಿ ಇದೆ. ಜರ್ಮನಿಯ ಹಳೇ ಕಾರ್ ರೇಡಿಯೊ ಕಂಪನಿ ಬ್ಲೌಪಂಕ್ಟ್ ಹೆಸರಿನಲ್ಲೇ ಹಳೆಯ ಬ್ರೆಮೆನ್ ಎಸ್‌ಕ್ಯುಆರ್ 46ರ ರೂಪದಲ್ಲಿ, ಒಳಗೆ ಬ್ಲೂಟೂತ್ ಇಟ್ಟು, ಹೊಸ ಸೆಟ್ ಮಾಡಿದ್ದಾರೆ. ಪೋರ್ಷೆ ಕಂಪನಿ ತನ್ನ ಹಳೆಯ ಕಾರುಗಳಿಗೆ ಒಪ್ಪುವ ಹೊಸ ರೇಡಿಯೊ ಮಾರುತ್ತದೆ. ದುಬಾರಿ, ನಿಜ. ಆದರೆ ಆ ಕಂಪನಿಗಳೇ ಹಳೇ ಮುಖಕ್ಕೆ ಬೆಲೆ ಇದೆ ಎಂದು ಒಪ್ಪಿಕೊಂಡಿವೆ ಅಲ್ವಾ? ಮನೆಯವರು ಗುಜರಿ ಅಂದಾಗ ಇದನ್ನೂ ಹೇಳಿ.

ಫೋನಿನ ಹಾಡನ್ನು ಆ ಸೆಟ್‌ನಲ್ಲೇ ಕೇಳಬೇಕೆನಿಸಿದರೆ ಕ್ಯಾಸೆಟ್ ಆಕಾರದ ಅಡಾಪ್ಟರ್ ಸಿಗುತ್ತದೆ, ಒಳಗೆ ತಳ್ಳಿದರೆ ಸಾಕು. ಇಲ್ಲವೇ ಬಲ್ಲ ಮೆಕ್ಯಾನಿಕ್ ಕೈಯಲ್ಲಿ ವಾಲ್ಯೂಮ್ ಕಂಟ್ರೋಲ್‌ನ ಹಿಂದೆ ಒಂದು ಸ್ವಿಚ್ ಹಾಕಿಸಿ, ಅಲ್ಲಿಂದ ಫೋನಿಗೆ ಚುಚ್ಚುವ ಸಣ್ಣ ಪಿನ್ ಎಳೆಸಿಕೊಳ್ಳಿ. ಬೇಡವೆನಿಸಿದ ದಿನ ಎರಡು ಬೆಸುಗೆ ಬಿಡಿಸಿದರೆ ಸೆಟ್ ಮೊದಲಿನಂತೆ. ವಾಪಸ್ ಮಾಡಲಾಗದ ಕೆಲಸವನ್ನು ಹಳೇ ಸೆಟ್‌ಗೆ ಮಾಡಿಸಲೇಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೊಸ ಸೆಟ್ ಕೂರಿಸಲು ಹಳೇ ಕಾರಿನ ಡ್ಯಾಶ್‌ಬೋರ್ಡ್ ಕೊಯ್ಯುವುದೂ ಇದರಲ್ಲೇ ಸೇರುತ್ತದೆ. ಈಗಿನ ಸಾಮಾನ್ಯ ಸೆಟ್ ಕೂರುವ ಕಂಡಿ ಸುಮಾರು 180 ಮಿಲಿಮೀಟರ್ ಅಗಲ, 50 ಎತ್ತರ. ಎರಡು ನಾಬ್‌ನ ಸೆಟ್ ಕೂರುತ್ತಿದ್ದ ಡ್ಯಾಶ್‌ಬೋರ್ಡಿನಲ್ಲಿ ಅಷ್ಟು ದೊಡ್ಡ ಕಂಡಿ ಇರುವುದಿಲ್ಲ. ಅದಕ್ಕೇ ಎಷ್ಟೋ ಪದ್ಮಿನಿ, ಅಂಬಾಸಡರ್‌ಗಳ ಮುಖ ಗರಗಸಕ್ಕೆ ಸಿಕ್ಕಿ ಹೋಗಿದೆ.

ಈಗ ಧ್ವನಿಯ ಪ್ರಶ್ನೆ. ಇದಕ್ಕೆ ಹೌದು ಎಂದೂ ಇಲ್ಲ ಎಂದೂ ಒಂದೇ ಮಾತಿನಲ್ಲಿ ಹೇಳಲಾಗದು. ಸ್ವಲ್ಪ ಲೆಕ್ಕ ಬೇಕು.

ಕಾರಿನ ಬ್ಯಾಟರಿ 12 ವೋಲ್ಟ್, ಎಂಜಿನ್ ಓಡುವಾಗ ಸುಮಾರು 14. ಇಷ್ಟರಲ್ಲೇ ಹಾಡಬೇಕು. ಹಳೇ ಸೆಟ್‌ನ ಸಾದಾ ಆಂಪ್ಲಿಫೈಯರ್ 4 ಓಮ್ ಸ್ಪೀಕರಿಗೆ ಐದಾರು ವ್ಯಾಟ್ ಕೊಟ್ಟರೆ ಹೆಚ್ಚು. ನಮ್ಮ ರಿಪೇರಿಯವರೆಲ್ಲ ಬಾಯಿಪಾಠ ಹೇಳುವ ಸ್ಯಾನ್ಯೊ ಎಲ್ಎ 4440 ಐಸಿಯನ್ನೇ, ಅಂದರೆ ಆಂಪ್ಲಿಫೈಯರ್ ಚಿಪ್ಪನ್ನೇ ನೋಡಿ. ಎರಡು ಚಾನಲ್‌ಗೆ ತಲಾ 6 ವ್ಯಾಟ್, ಎರಡನ್ನೂ ಸೇರಿಸಿ ಒಂದೇ ಸ್ಪೀಕರಿಗೆ ಕೊಟ್ಟರೆ, ಅದಕ್ಕೇ ಬ್ರಿಜ್ ಅನ್ನುವುದು, 19. ಈಗಿನ ಸೆಟ್ ಡಬ್ಬಿಯ ಮೇಲೆ 50 ವ್ಯಾಟ್ ಗುಣಿಸು 4, ಅಂದರೆ ನಾಲ್ಕು ಸ್ಪೀಕರಿಗೆ ತಲಾ 50, ಎಂದು ಬರೆದಿರುತ್ತದೆ. ಅದು ಧ್ವನಿ ಪೂರ್ತಿ ಒಡೆದ ಮೇಲಿನ ಲೆಕ್ಕ. ಚೊಕ್ಕವಾಗಿ ಬರುವುದು ಇಪ್ಪತ್ತರ ಆಸುಪಾಸು. ಅಂದರೆ ಹಳೆಯದಕ್ಕಿಂತ ನಾಲ್ಕು ಪಟ್ಟು ಎನ್ನಿ. ಆದರೆ ಕಿವಿಗೆ ಅದು ನಾಲ್ಕು ಪಟ್ಟು ಜೋರಾಗಿ ಕೇಳುವುದಿಲ್ಲ. ಹೆಚ್ಚುವುದು 6 ಡೆಸಿಬಲ್, ಇಮ್ಮಡಿ ಜೋರು ಅನಿಸಲು ಸುಮಾರು 10 ಬೇಕು. ಹಾಗಾಗಿ ನಿಮ್ಮ ತಂದೆಯವರ ಐದು ವ್ಯಾಟಿನ ಸೆಟ್ ಕಾರು ತುಂಬ ಹಾಡುತ್ತಿತ್ತು ಎಂಬ ನೆನಪು ಸುಳ್ಳಲ್ಲ.

ಬಾಸ್ ವಿಷಯದಲ್ಲಿ ಹಳೆಯದು ಸೋಲುತ್ತದೆ. ಟೇಪಿನ ಸುಯ್ಯೆನ್ನುವ ಸದ್ದೂ ಇತ್ತು. ಅದನ್ನು ತಗ್ಗಿಸಲೆಂದೇ ಡಾಲ್ಬಿ ಬಂದದ್ದು. ಆದರೆ ಹಿಂದಿನ ಸೀಟಿನ ಮೇಲಿಡುತ್ತಿದ್ದ ಪೇಪರ್ ಕೋನಿನ ಸ್ಪೀಕರ್‌ಗಳು ಮನುಷ್ಯನ ದನಿಯನ್ನು ಎದ್ದು ನಿಲ್ಲಿಸುತ್ತಿದ್ದವು. ಭಾವಗೀತೆ, ಹರಿಕಥೆ, ನಾಟಕದ ಮಾತು, ಹಾರ್ಮೋನಿಯಂ, ಇವೆಲ್ಲ ನಡುವಿನ ಸ್ವರದಲ್ಲೇ ಇರುವಂಥವು. ಕಿಟಕಿ ತೆರೆದ ಕಾರಿನಲ್ಲಿ, ಎಂಜಿನ್ ಸದ್ದಿನ ಮೇಲೆ, ಅವು ಸ್ಪಷ್ಟ ಕೇಳುತ್ತಿದ್ದವು. ಇವತ್ತಿನ ಬಹಳಷ್ಟು ಕಾರುಗಳಲ್ಲಿ ಎದೆ ಗುದ್ದುವ ಬಾಸ್ ಇದೆ, ಹಾಡಿನ ಸಾಲು ಮಾತ್ರ ಕೇಳುವುದಿಲ್ಲ. ಈ ದೂರು ನನ್ನದೂ ಹೌದು.

ಇನ್ನು ನೆನಪಿನ ಮಾತು. ಕ್ಯಾಸೆಟ್ ಕಡಿಮೆ ಇದ್ದವು, ಅವನ್ನೇ ತಿರುಗಿಸಿ ಮುರುಗಿಸಿ ಕೇಳಿದೆವು. ಎ ಸೈಡ್ ಎಲ್ಲಿ ಮುಗಿಯುತ್ತದೆ, ಯಾವ ಹಾಡಿನ ಹಿಂದೆ ಯಾವುದು ಬರುತ್ತದೆ ಎನ್ನುವುದು ಮೈಗೇ ಗೊತ್ತಿತ್ತು. ದಾವಣಗೆರೆ, ಹರಿಹರ, ಚಿತ್ರದುರ್ಗದ ಹೆದ್ದಾರಿಯಲ್ಲಿ ಬೆಳೆದವರಿಗೆ ಇದು ಬರೀ ಕಾರಿನ ಕಥೆಯೂ ಅಲ್ಲ. ನಮ್ಮದು ಲಾರಿಗಳ ಸೀಮೆ. ರಾತ್ರಿಯೆಲ್ಲಾ ಓಡಿಸುವ ಚಾಲಕನಿಗೆ ಕ್ಯಾಬಿನ್‌ನ ಟೇಪೇ ಜೊತೆಗಾರ. ಕಾರ್ ಆಡಿಯೊ ಇತಿಹಾಸ ಬರೆಯುವವರು ಕಾರಿಟ್ಟವರನ್ನೇ ನೆನೆಯುತ್ತಾರೆ. ನಮ್ಮ ಕಡೆ ಈ ಸಾಮಾನನ್ನು ಹೆಚ್ಚು ದುಡಿಸಿಕೊಂಡವರು ಲಾರಿಯವರು. ನಿಮ್ಮ ಗೆಳೆಯರ ಸಂಗ್ರಹದಲ್ಲಿ ಲಾರಿಯಿಂದ ಬಿಚ್ಚಿದ ಸೆಟ್ ಒಂದಾದರೂ ಇರಲಿ ಎಂದು ನನ್ನ ಆಸೆ.

ಜಪಾನಿನ ಸೆಟ್ ವಿಷಯ ಸುಲಭ. ಅದು ಕೆಟ್ಟಿಲ್ಲ. ಜಪಾನಿನಲ್ಲಿ ಎಫ್‌ಎಂ ಓಡುತ್ತಿದ್ದದ್ದು 76ರಿಂದ 90 ಮೆಗಾಹರ್ಟ್ಸ್ ಒಳಗೆ. ನಮ್ಮ ಚಿತ್ರದುರ್ಗ ಆಕಾಶವಾಣಿ ಇರುವುದು 102.6ರಲ್ಲಿ. ಆ ಸೆಟ್‌ನ ಮುಳ್ಳು ಅಲ್ಲಿವರೆಗೆ ಹೋಗುವುದೇ ಇಲ್ಲ. ಆಂಟೆನಾ ಮತ್ತು ಸೆಟ್ ನಡುವೆ ಹಾಕುವ ಸಣ್ಣ ಬ್ಯಾಂಡ್ ಕನ್ವರ್ಟರ್ ಸಿಗುತ್ತದೆ. 20 ಮೆಗಾಹರ್ಟ್ಸ್ ಇಳಿಸುವಂಥದ್ದು ಹಾಕಿದರೆ ಚಿತ್ರದುರ್ಗ 82.6ರಲ್ಲಿ ಬರುತ್ತದೆ. ಅಮೆರಿಕದ ಡಿಜಿಟಲ್ ಸೆಟ್ ಕೊಳ್ಳುವವರಿಗೆ ಇನ್ನೊಂದು ತೊಡಕು. ಅಲ್ಲಿ ಮೀಡಿಯಂ ವೇವ್ ಸ್ಟೇಷನ್‌ಗಳು 10 ಕಿಲೋಹರ್ಟ್ಸ್ ಅಂತರದಲ್ಲಿವೆ, ನಮ್ಮಲ್ಲಿ 9. ಭದ್ರಾವತಿ ಆಕಾಶವಾಣಿಯ 675 ಹಿಡಿಯಲು ಹೋದರೆ ಸೆಟ್ 670ರಿಂದ 680ಕ್ಕೆ ಹಾರುತ್ತದೆ. ಕೆಲವು ಸೆಟ್‌ಗಳಲ್ಲಿ ಇದನ್ನು ಬದಲಿಸುವ ಸ್ವಿಚ್ ಇರುತ್ತದೆ, ಕೊಳ್ಳುವ ಮೊದಲು ಕೇಳಿ. ನಿಮ್ಮ ನಾಬ್ ಸೆಟ್‌ಗೆ ಈ ಯಾವ ಗೋಳೂ ಇಲ್ಲ, ತಿರುಗಿಸಿದಲ್ಲಿ ನಿಲ್ಲುತ್ತದೆ.

ಈಗ ರಿಪೇರಿ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಲ್ಲಿದೆ.

ದಾವಣಗೆರೆಯಲ್ಲಿ ನಮ್ಮ ಕಚೇರಿಗೆ ಹತ್ತಿರ ಎಪ್ಪತ್ತು ದಾಟಿದ ರಿಪೇರಿಯವರೊಬ್ಬರಿದ್ದಾರೆ. ಅವರು ಸೆಟ್ ಬಿಚ್ಚುವ ಮೊದಲು ಕೇಳುತ್ತಾರೆ. ಹಾಡು ಉದ್ದಕ್ಕೂ ನಿಧಾನ ಓಡಿದರೆ ಬೆಲ್ಟ್ ಸಡಿಲ, ಇಲ್ಲವೇ ಮೋಟರ್ ಸ್ಪೀಡ್ ತಪ್ಪಿದೆ. ಸ್ವರ ಅಲೆಅಲೆಯಾಗಿ ಏರಿಳಿದರೆ ಪಿಂಚ್ ರೋಲರ್ ಎಂಬ ರಬ್ಬರ್ ಗಾಲಿ ಗಟ್ಟಿಯಾಗಿದೆ. ಮಂಕಾಗಿ, ಕಂಬಳಿ ಹೊದ್ದಂತೆ ಕೇಳಿದರೆ ಹೆಡ್ ಕೊಳೆ. ಟೇಪ್ ನುಂಗಿದರೆ? ಆಗ ನೋಡಬೇಕಾದ್ದು ರೀಲು ಸುತ್ತುವ ಗಾಲಿ. ಟೇಪನ್ನು ಎಳೆಯುವುದು ಕ್ಯಾಪ್‌ಸ್ಟನ್ ಎಂಬ ತಿರುಗುವ ಕಡ್ಡಿ, ಸೆಕೆಂಡಿಗೆ 4.76 ಸೆಂಟಿಮೀಟರ್; ಪಿಂಚ್ ರೋಲರ್ ಟೇಪನ್ನು ಅದಕ್ಕೆ ಒತ್ತಿ ಹಿಡಿಯುತ್ತದೆ. ಎಳೆದದ್ದನ್ನು ಆಚೆ ಗಾಲಿ ಕೂಡಲೇ ಸುತ್ತಿಕೊಳ್ಳಬೇಕು. ಅದು ಜಾರಿದರೆ ಟೇಪ್ ಅಲ್ಲೇ ಗುಡ್ಡೆಯಾಗಿ ರೋಲರಿಗೆ ಸುತ್ತಿಕೊಳ್ಳುತ್ತದೆ. ಜನ ಕ್ಯಾಸೆಟ್ಟನ್ನು ಬೈಯುತ್ತಾರೆ, ತಪ್ಪು ಆ ಗಾಲಿಯದು.

ಇಷ್ಟನ್ನು ಕಿವಿಯಿಂದ ಹೇಳುವವರು ಈಗ ಊರಿಗೆ ಒಬ್ಬಿಬ್ಬರು. ಅವರಿಗೆ ವಯಸ್ಸಾಗಿದೆ, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಸೆಟ್ ಇನ್ನೂ ಸಿಗುತ್ತಿರುತ್ತದೆ, ಈ ಕೈಗಳು ಸಿಗುವುದಿಲ್ಲ. ಗೆಳೆಯರೆಲ್ಲ ಸೇರಿ ಇನ್ನೊಂದು ಸೆಟ್ ಕೊಳ್ಳುವ ಮೊದಲು, ಚಿತ್ರದುರ್ಗದ ಅಂಥ ಒಬ್ಬರ ಅಂಗಡಿಗೆ ಹೋಗಿ ಕೂತುಕೊಳ್ಳಿ. ಕೆಲಸಕ್ಕೆ ತಕ್ಕ ದುಡ್ಡು ಕೊಡಿ, ಚೌಕಾಸಿ ಬೇಡ. ಅವರು ಮಾಡುವುದನ್ನು ಬರೆದುಕೊಳ್ಳಿ, ಅವರು ಒಪ್ಪಿದರೆ ಫೋನಿನಲ್ಲಿ ಚಿತ್ರ ಹಿಡಿಯಿರಿ.

ನೀವೇ ಕೈ ಹಾಕುವುದಾದರೆ ಕೆಲವು ಮಾತು. ಹೆಡ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿ ಕಡ್ಡಿ ಸಾಕು. ಕರಗಿದ ಬೆಲ್ಟಿನ ಅಂಟೂ ಅದರಲ್ಲೇ ಹೋಗುತ್ತದೆ. ಆದರೆ ರಬ್ಬರ್ ರೋಲರ್ ಮೇಲೆ ಅದನ್ನು ಜಾಸ್ತಿ ಸುರಿಯಬೇಡಿ. ಹೆಡ್ ಪಕ್ಕ ಒಂದು ಸಣ್ಣ ಸ್ಕ್ರೂ ಇದೆ, ಹೆಡ್ಡಿನ ಓರೆ ಹೊಂದಿಸಲು. ಹೊಸಬರು ಅದನ್ನು ಸಡಿಲ ಎಂದುಕೊಂಡು ತಿರುಗಿಸುತ್ತಾರೆ, ಆಮೇಲೆ ತಾರಸ್ವರವೆಲ್ಲ ಮಾಯ. ಮುಟ್ಟಬೇಡಿ. ಸ್ಪೀಡ್ ಸರಿಮಾಡಲು ಎಷ್ಟೋ ಮೋಟರ್‌ಗಳ ಹಿಂದೆ ಸಣ್ಣ ತೂತಿದ್ದು, ಒಳಗೆ ತಿರುಗಿಸುವ ಪ್ರೀಸೆಟ್ ಇರುತ್ತದೆ. ಕೂದಲೆಳೆಯಷ್ಟೇ ತಿರುಗಿಸಿ. ಹಾಕುವ ಕ್ಯಾಸೆಟ್ 60 ಅಥವಾ 90 ನಿಮಿಷದ್ದಿರಲಿ. 120ರ ಟೇಪ್ ಬಹಳ ತೆಳು, ಹಳೇ ಡೆಕ್‌ಗೆ ಆಗಿಬರುವುದಿಲ್ಲ. ಮತ್ತು ನಿಮ್ಮ ದುರ್ಗದ ಬಿಸಿಲಿನಲ್ಲಿ ಕ್ಯಾಸೆಟ್ಟನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಡಲೇಬೇಡಿ.

ವೈರಿಂಗ್ ಬಗ್ಗೆ ಇದೊಂದು ಮರೆಯಬೇಡಿ. ಬ್ಯಾಟರಿಯಿಂದ ಬರುವ ವೈರಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಇರಬೇಕು. ಹಳೇ ಸೆಟ್‌ನಲ್ಲಿ ಸ್ಪೀಕರಿನ ಮೈನಸ್ ವೈರನ್ನು ಕಾರಿನ ಲೋಹದ ಮೈಗೇ ಅರ್ಥ್ ಮಾಡುತ್ತಿದ್ದರು. ಬ್ರಿಜ್ ಆಂಪ್ಲಿಫೈಯರ್ ಇರುವ ಸೆಟ್‌ಗೆ ಹಾಗೆ ಮಾಡಿದರೆ ಐಸಿ ಸುಟ್ಟು ಹೋಗುತ್ತದೆ. ಹಳೇ ಕಾರಿನ ವೈರಿಂಗ್‌ಗೆ ಸ್ವಲ್ಪ ಹೊಸ ಸೆಟ್ ಹಾಕುವಾಗ ಇದನ್ನು ಮೊದಲು ನೋಡಿ.

ಸಂಗ್ರಹದ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ನಕಾಮಿಚಿ, ಆಲ್ಪೈನ್, ಬೆಕರ್ ಎಂಬ ಹೆಸರು ಕಂಡ ಕೂಡಲೇ ಓಡದ ಸೆಟ್‌ಗೂ ಸಾವಿರಾರು ಸುರಿಯುವವರಿದ್ದಾರೆ. ಅವು ದೊಡ್ಡ ಸೆಟ್‌ಗಳೇ, ಅನುಮಾನವಿಲ್ಲ. ಆದರೆ ಗಾಜಿನ ಕಪಾಟಿನಲ್ಲಿ ಬಾಯಿ ಮುಚ್ಚಿ ಕೂತ ಹತ್ತು ಹೆಸರುವಾಸಿ ಸೆಟ್‌ಗಿಂತ, ಹಾಡುವ ಒಂದು ಸಾದಾ ಸೆಟ್ ಮೇಲು ಎನ್ನುವವನು ನಾನು. ಅದೂ ಅಲ್ಲದೆ, ಓಡಿಸದೇ ಇಟ್ಟರೆ ಗ್ರೀಸ್ ಒಣಗುತ್ತದೆ, ಕಂಡೆನ್ಸರ್‌ಗಳು ಸಾಯುತ್ತವೆ. ಆಗಾಗ ಓಡಿಸುವುದೂ ಕಾಪಾಡುವ ಕೆಲಸವೇ.

ಬೆಲ್ಟ್ ಅಳತೆ ಹೀಗೆ ನೋಡಿ. ಹಳೇ ಬೆಲ್ಟ್ ಹಿಗ್ಗಿರುತ್ತದೆ, ಅದರ ಅಳತೆ ನಂಬಬೇಡಿ. ದಾರವೊಂದನ್ನು ಗಾಲಿಗಳ ಸುತ್ತ ಬೆಲ್ಟ್ ಹೋಗುವ ದಾರಿಯಲ್ಲೇ ಸುತ್ತಿ ಉದ್ದ ಅಳೆಯಿರಿ. ಅದಕ್ಕಿಂತ ಸುಮಾರು ಶೇ 5ರಷ್ಟು ಚಿಕ್ಕದು ಬೇಕು. ದಪ್ಪ ಚೌಕವೋ ಚಪ್ಪಟೆಯೋ ಅದನ್ನೂ ಗುರುತಿಸಿ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿ. ಸೆಟ್‌ನ ತಗಡಿನ ಮೇಲಿರುವ ಮಾಡೆಲ್ ನಂಬರನ್ನೂ, ಮೇಲಿನ ಮುಚ್ಚಳ ತೆಗೆದ ಚಿತ್ರವನ್ನೂ ನಮಗೆ ಕಳಿಸಿ. ನಾನು ಹೇಳಿದ ಆ ರಿಪೇರಿಯವರಿಗೆ ತೋರಿಸಿ, ಅವರು ಹೇಳಿದ್ದನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ