ಟ್ಯಾಂಕರ್ ನೀರು ಎಲ್ಲಿಗೆ ಹೋಗುತ್ತಿದೆ?

ಮುಂಬೈಯ ಮುಲುಂಡಿನ ಓದುಗರೊಬ್ಬರ ಪತ್ರದ ಸಾರ ಇದು: ನಮ್ಮ ಸೊಸೈಟಿಯಲ್ಲಿ 40 ಮನೆ. ಏಪ್ರಿಲ್-ಮೇನಲ್ಲಿ ವಾರಕ್ಕೆ 10,000 ಲೀಟರಿನ ಐದು ಟ್ಯಾಂಕರ್ ತರಿಸುತ್ತೇವೆ. ಪಕ್ಕದವರು ಮಳೆನೀರಿಗೆ ಟ್ಯಾಂಕ್ ಕಟ್ಟಿಸಿದ್ದಾರೆ, ನಾವೂ ಕಟ್ಟಿಸೋಣ ಅನ್ನುತ್ತದೆ ಕಮಿಟಿ. ‘ಫಸ್ಟ್ ಪ್ರಿನ್ಸಿಪಲ್ಸ್’ನಿಂದ ಯೋಚಿಸಿ, ಅಂದರೆ ಬೇರೆಯವರನ್ನು ನೋಡಿ ಮಾಡದೆ ಮೂಲ ಅಂಶಗಳನ್ನು ಬಿಡಿಸಿ ಲೆಕ್ಕ ಹಾಕಿ ಅನ್ನುತ್ತಾನೆ ಮಗ. ಅದೆಲ್ಲ ರಾಕೆಟ್ ಕಂಪನಿಯ ಇಲಾನ್ ಮಸ್ಕ್‌ನಂಥವರಿಗೆ ಸರಿ, ನಮಗೇನು ಉಪಯೋಗ?

ಮಸ್ಕ್ ಮಾಡಿದ್ದೂ ದಿನಸಿ ಲೆಕ್ಕವೇ ಸ್ವಾಮಿ. ರಾಕೆಟ್‌ನಲ್ಲಿರುವ ಅಲ್ಯೂಮಿನಿಯಂ, ಟೈಟಾನಿಯಂ, ತಾಮ್ರ, ಕಾರ್ಬನ್ ಫೈಬರ್‌ಗೆ ಪೇಟೆಯಲ್ಲಿ ಎಷ್ಟು ಅಂತ ಕೂಡಿಸಿದರು. ರಾಕೆಟ್ ಬೆಲೆಯ ಶೇಕಡಾ 2ರಷ್ಟು ಬಂತು ಅಂತ ಅವರೇ ಹೇಳಿದ್ದಾರೆ. (ಲೋಹ ತಾನಾಗಿ ರಾಕೆಟ್ ಆಗುವುದಿಲ್ಲ, ಅಭಿಮಾನಿಗಳು ಇದನ್ನು ಮರೆಯುತ್ತಾರೆ.) ಮಾಟುಂಗಾದಲ್ಲಿ ಹೋಟೆಲ್ ಇಟ್ಟ ನಮ್ಮವರೂ ದೋಸೆಗೆ ರೇಟು ಹಾಕುವ ಮೊದಲು ಅಕ್ಕಿ, ಉದ್ದು, ಗ್ಯಾಸು, ಸಂಬಳ, ಬಾಡಿಗೆ ಎಲ್ಲ ಬಿಡಿಸಿ ನೋಡುತ್ತಾರೆ.

ನಿಮ್ಮ ನೀರನ್ನೂ ಹಾಗೇ ಬಿಡಿಸೋಣ. ಮನೆಗೆ ನಾಲ್ವರು ಅಂದರೆ 160 ಜನ. ಸಾಮಾನ್ಯವಾಗಿ ಹಿಡಿಯುವ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್. ಒಟ್ಟು 21,600 ಲೀಟರ್. ಈಗ ಮಳೆ. ಮುಂಬೈಯಲ್ಲಿ ವರ್ಷಕ್ಕೆ ಎರಡು ಮೀಟರಿಗಿಂತ ಜಾಸ್ತಿ ಸುರಿಯುತ್ತದೆ. ನಿಮ್ಮ ಟೆರೇಸ್ 300 ಚದರ ಮೀಟರ್ ಅಂತ ಹಿಡಿದರೆ ಆರು ಲಕ್ಷ ಲೀಟರ್. ಕೇಳಲು ಭರ್ಜರಿ, ಆದರೆ ಬರೀ 28 ದಿನದ ನೀರು. ಅದೂ ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬೇಕಾಗುವುದು ಮೇನಲ್ಲಿ. ಅಲ್ಲಿಯವರೆಗೆ ಕೂಡಿಡಲು ಮೂರು ಮೀಟರ್ ಆಳ ತೋಡಿದರೂ 200 ಚದರ ಮೀಟರ್ ಜಾಗ ಬೇಕು. ಕಾರು ಎಲ್ಲಿ ನಿಲ್ಲಿಸುತ್ತೀರಿ?

ಆ 135 ಲೀಟರನ್ನೂ ಒಡೆದು ನೋಡಿ. ಅದರಲ್ಲಿ 45 ಲೀಟರ್ ಫ್ಲಶ್‌ಗೆ. ಅಂದರೆ 160 ಜನಕ್ಕೆ ದಿನಕ್ಕೆ 7,200, ವಾರಕ್ಕೆ 50,400 ಲೀಟರ್. ನೀವು ತರಿಸುವ ಐದು ಟ್ಯಾಂಕರ್ ಎಷ್ಟು? 50,000! ದುಡ್ಡು ಕೊಟ್ಟು ತರಿಸಿದಷ್ಟೇ ನೀರು ಕಮೋಡಿನಲ್ಲಿ ಹರಿದುಹೋಗುತ್ತಿದೆ. ಇಲ್ಲಿಯವರೆಗೆ ‘ನೀರು ಸಾಲದು’ ಅಂತಿದ್ದ ಪ್ರಶ್ನೆ ಈಗ ‘ಫ್ಲಶ್‌ಗೆ ಯಾವ ನೀರು’ ಅಂತ ಆಯಿತು.

ಗಾರ್ಡನ್‌ಗೆ, ಕಾರು ತೊಳೆಯಲು ಹಳೇ ಬೋರ್‌ವೆಲ್ ಇದೆ ಅಂತ ಪತ್ರದ ಕೊನೆಗೆ ಸುಮ್ನೆ ಒಂದು ಸಾಲು ಬರೆದಿದ್ದೀರಿ. ಅದೇ ಮುಖ್ಯ ಸಾಲು. ಫ್ಲಶ್‌ಗೆ ಆ ಬೋರಿನ ನೀರನ್ನೇ ಬಿಡಿ. ಟೆರೇಸಿನ ಮಳೆನೀರನ್ನು ಸೋಸಿ ಆ ಬೋರಿನ ಬುಡಕ್ಕೆ ಇಂಗಿಸಿ. ಟೆರೇಸಿನಲ್ಲಿ ಫ್ಲಶ್ ಟ್ಯಾಂಕ್ ಬೇರೆ ಇದೆಯಾ ನೋಡಿ. ಇಲ್ಲಿನ ಎಷ್ಟೋ ಬಿಲ್ಡಿಂಗ್‌ಗಳಲ್ಲಿ ಇರುತ್ತದೆ. ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಇಲ್ಲದಿದ್ದರೆ ಪೈಪಿನ ಖರ್ಚು ಬೇರೆ ಲೆಕ್ಕ.

ಬೋರ್ ನೀರಿಂದ ಕಮೋಡಿಗೆ ಕಲೆ ಹಿಡಿಯುತ್ತದೆ ಅಂತ ಮೀಟಿಂಗ್‌ನಲ್ಲಿ ಯಾರಾದರೂ ಎದ್ದೇ ಏಳುತ್ತಾರೆ. ಅವರ ಮಾತು ತಳ್ಳಿಹಾಕಬೇಡಿ, ಕಬ್ಬಿಣದ ಅಂಶ ಎಷ್ಟಿದೆ ಅಂತ ಮೊದಲೇ ಪರೀಕ್ಷೆ ಮಾಡಿಸಿ. ಪಂಪ್ ಹಾಕಿ 200 ಲೀಟರಿನ ಡ್ರಮ್ ತುಂಬಲು ಎಷ್ಟು ನಿಮಿಷ ಬೇಕು ಅಂತಲೂ ನೋಡಿ. ದಿನಕ್ಕೆ ಅಂಥ 36 ಡ್ರಮ್ ನೀರು ಸಿಗಬೇಕು. ಈ ಪರೀಕ್ಷೆ ಆಗಸ್ಟ್‌ನಲ್ಲಿ ಬೇಡ, ಮೇ ತಿಂಗಳಲ್ಲೇ ಮಾಡಿ.